ಕಾಚಿನ ಬಣ್ಣದ ಹಸಿವು

ದಿಲ್ಲಿ, ಮುಂಬೈಗಳ ಪಾನ್ ಅಂಗಡಿಯಲ್ಲಿ ವೀಳ್ಯದೆಲೆಗೆ ಸುಣ್ಣ ಸವರಿದ ಮೇಲೆ ಇನ್ನೊಂದು ಡಬ್ಬಿಯಿಂದ ಕಂದುಗೆಂಪು ಬಣ್ಣದ ಪದಾರ್ಥವೊಂದನ್ನು ಬಳಿಯುತ್ತಾರಲ್ಲ, ಅದು ಕತ್ಥಾ. ನಮ್ಮ ಕಡೆಯ ಕಾಚು. ಅದನ್ನು ತೆಗೆಯುವುದು ಖೈರ್ ಮರದ ಚೇಗಿನಿಂದ; ಕನ್ನಡದಲ್ಲಿ ಆ ಮರವನ್ನು ಕಗ್ಗಲಿ ಎನ್ನುತ್ತೇವೆ. ಹಿಂದಿಯಲ್ಲಿ ಆ ಬಣ್ಣಕ್ಕೂ ಮರದ ಹೆಸರೇ ಅಂಟಿಕೊಂಡು ಖೈರಾ ಎಂದಾಗಿದೆ. ಹಿಮಾಲಯದ ತಪ್ಪಲಿನ ತರಾಯಿ ಸೀಮೆಯಲ್ಲಿ, ನಾಟಿಯಾದ ಎರಡು ಮೂರು ವಾರಕ್ಕೆ ಭತ್ತದ ಎಲೆಗಳು ಇದೇ ಬಣ್ಣಕ್ಕೆ ತಿರುಗಿ ಪೈರು ಕುಗ್ಗಿ ನಿಲ್ಲುತ್ತಿತ್ತು. ಆ ರೋಗಕ್ಕೂ ಖೈರಾ ಎಂದೇ ಹೆಸರಾಯಿತು.

ರೋಗ ಎಂದು ಕರೆದದ್ದರಲ್ಲೇ ಒಂದು ತೀರ್ಮಾನ ಅಡಗಿದೆ. ರೋಗವೆಂದರೆ ಹೊರಗಿನಿಂದ ಏನೋ ಬಂದು ಸೇರಿಕೊಂಡಿದೆ ಎಂದು ನಾವು ಭಾವಿಸುತ್ತೇವೆ: ಶಿಲೀಂಧ್ರ, ಬ್ಯಾಕ್ಟೀರಿಯಾ, ವೈರಸ್, ಹುಳ. ಬಂದದ್ದನ್ನು ಕೊಲ್ಲಬೇಕು, ಅದಕ್ಕೊಂದು ಔಷಧಿ ಬೇಕು. ಆದರೆ ಬರಬೇಕಾದ್ದು ಬಾರದೆ ಇದ್ದರೂ ಎಲೆ ಹೀಗೆಯೇ ಬಣ್ಣಗೆಡುತ್ತದೆ. ಇವೆರಡನ್ನೂ ಬಿಡಿಸಿ ನೋಡುವುದಕ್ಕೆ ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನೂರು ವರ್ಷದ ಕತೆಯಲ್ಲಿ ಒಂದು ಮುಖ್ಯ ತಿರುವು ಬಂದದ್ದು ನಮ್ಮ ದೇಶದ ಒಂದು ಭತ್ತದ ಗದ್ದೆಯಲ್ಲಿ.

ಕತೆ ಶುರುವಾಗುವುದು ಫ್ರಾನ್ಸಿನಲ್ಲಿ, 1840ರ ದಶಕದಲ್ಲಿ. ಯೂಸೆಬ್ ಗ್ರಿ ಎಂಬಾತ ಹಳದಿಯಾಗಿ ಬಿಳಿಚಿಕೊಂಡ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣವನ್ನು ಸವರಿ ನೋಡಿದ. ಕೆಲವೇ ದಿನಗಳಲ್ಲಿ, ಸವರಿದ ಜಾಗ ಮಾತ್ರ ಹಸಿರಾಯಿತು, ಉಳಿದ ಭಾಗ ಹಾಗೆಯೇ ಉಳಿಯಿತು. ಎಲೆಯ ಕಾಯಿಲೆಯೊಂದು ಅನ್ನದ ಕೊರತೆಯಿಂದ ಬಂದದ್ದು ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಇನ್ನೊಂದಿಲ್ಲ. ಆದರೂ ಅದರ ಪೂರ್ತಿ ಅರ್ಥ ಜನರಿಗೆ ಇಳಿಯಲು ಬಹಳ ಕಾಲ ಬೇಕಾಯಿತು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಲೀಬಿಗ್, ಗಿಡ ಮಣ್ಣಿನಿಂದ ಪಡೆಯುವುದು ಖನಿಜ ಲವಣಗಳನ್ನು ಎಂದು ಸಾರುತ್ತಿದ್ದ. 1860ರ ಸುಮಾರಿಗೆ ಸಾಕ್ಸ್ ಮತ್ತು ಕ್ನಾಪ್ ಮಣ್ಣನ್ನೇ ಬಿಟ್ಟು, ಲವಣ ಬೆರೆಸಿದ ನೀರಿನಲ್ಲಿ ಬೇರು ಇಳಿಬಿಟ್ಟು ಗಿಡ ಬೆಳೆಸಿದರು. ಒಂದೊಂದೇ ಲವಣವನ್ನು ತೆಗೆದು ನೋಡಿ ಗಿಡಕ್ಕೆ ಬೇಕಾದ ಮೂಲವಸ್ತುಗಳ ಪಟ್ಟಿ ಕಟ್ಟಿದರು. ಗಾಳಿ ನೀರಿನಿಂದ ಬರುವವೂ ಸೇರಿ ಆ ಪಟ್ಟಿಯಲ್ಲಿ ಇದ್ದದ್ದು ಹತ್ತು: ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ, ರಂಜಕ, ಗಂಧಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ. ಅದರಲ್ಲಿ ಸತು ಇರಲಿಲ್ಲ.

ಸತು ಪಟ್ಟಿಯಿಂದ ತಪ್ಪಿಸಿಕೊಂಡದ್ದಕ್ಕೆ ಕಾರಣ ಆ ಕಾಲದ ಕೊಳಕು. ಪ್ರಯೋಗಾಲಯದ ಲವಣಗಳು ಶುದ್ಧವಾಗಿರಲಿಲ್ಲ. ಪಾತ್ರೆಯಿಂದಲೂ ನೀರಿನಿಂದಲೂ ಕಣದಷ್ಟು ಸತು, ತಾಮ್ರ, ಬೋರಾನ್ ಯಾರಿಗೂ ತಿಳಿಯದಂತೆ ಒಳಗೆ ಬರುತ್ತಿದ್ದವು. ಗಿಡಕ್ಕೆ ಅಷ್ಟೇ ಸಾಕಾಗುತ್ತಿತ್ತು. 1869ರಲ್ಲೇ ಫ್ರಾನ್ಸಿನ ರೋಲಾಂ ಒಂದು ಬಗೆಯ ಬೂಷ್ಟಿಗೆ ಸತು ಬೇಕೇ ಬೇಕು ಎಂದು ತೋರಿಸಿದ್ದ. ಆದರೆ ಮೇಲ್ವರ್ಗದ ಗಿಡಗಳಿಗೂ ಅದು ಬೇಕೆಂದು ಎಲ್ಲರೂ ಒಪ್ಪುವ ಹಾಗೆ ಸಾಬೀತಾದದ್ದು 1926ರಲ್ಲಿ, ಅಮೆರಿಕದ ಸಾಮರ್ ಮತ್ತು ಲಿಪ್ಮನ್ ಅವರಿಂದ. ರಾಸಾಯನಿಕಗಳು ಶುದ್ಧವಾದ ಮೇಲಷ್ಟೇ ಹಸಿವು ಕಣ್ಣಿಗೆ ಕಂಡಿತು.

ಪ್ರಯೋಗಾಲಯದಲ್ಲಿ ಕಂಡದ್ದು ತೋಟದಲ್ಲಿ ಕಾಣಲು ಒಂದು ಬಕೆಟ್ ಬೇಕಾಯಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೀಕನ್ ಎಂಬ ಕಾಯಿಯ ಮರಗಳಿಗೆ ರೋಸೆಟ್ ಎಂಬ ಕಾಯಿಲೆ ಹಿಡಿದಿತ್ತು: ರೆಂಬೆಯ ತುದಿಯಲ್ಲಿ ಎಲೆಗಳು ಸಣ್ಣಗಾಗಿ, ಹಳದಿಯಾಗಿ, ಗೊಂಚಲುಗಟ್ಟುತ್ತಿದ್ದವು. ಕಬ್ಬಿಣದ ಕೊರತೆ ಇರಬಹುದೆಂದು ಕಬ್ಬಿಣದ ಸಲ್ಫೇಟ್ ಸಿಂಪಡಿಸಿದರೆ ಕೆಲವು ಮರ ಚೇತರಿಸಿಕೊಂಡವು, ಕೆಲವು ಇಲ್ಲ. ಮದ್ದು ಒಂದೇ, ಸಿಂಪಡಿಸುವ ಕ್ರಮವೂ ಒಂದೇ. ವ್ಯತ್ಯಾಸ ಇದ್ದದ್ದು ಮದ್ದು ಕಲಸಿದ ಪಾತ್ರೆಯಲ್ಲಿ. ಸತುವಿನ ಲೇಪ ಕೊಟ್ಟ ತಗಡಿನ ಪಾತ್ರೆಯಲ್ಲಿ ಕಲಸಿದ ದ್ರಾವಣ ಮಾತ್ರ ಗುಣ ಕೊಟ್ಟಿತ್ತು. ದ್ರಾವಣದ ಆಮ್ಲೀಯತೆಗೆ ಲೇಪ ಕರಗಿ ಸತು ನೀರಿಗೆ ಬಂದಿತ್ತು. 1932ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾಂಡ್ಲರ್, ಹೋಗ್ಲಂಡ್ ಮತ್ತು ಹಿಬ್ಬರ್ಡ್, ಹಣ್ಣಿನ ಮರಗಳ ‘ಸಣ್ಣೆಲೆ’ ಕಾಯಿಲೆಯ ಬೆನ್ನು ಹತ್ತಿ ಇದೇ ಜಾಗಕ್ಕೆ ಬಂದು ಮುಟ್ಟಿದರು. ಅಂಗಡಿಯ ಕಳಪೆ ಕಬ್ಬಿಣದ ಸಲ್ಫೇಟಿನಿಂದ ಮರ ಗುಣವಾಗುತ್ತಿತ್ತು, ಶುದ್ಧವಾದದ್ದರಿಂದ ಆಗುತ್ತಿರಲಿಲ್ಲ. ಕಳಪೆಯಲ್ಲಿದ್ದ ಬೆರಕೆಯೇ ಔಷಧಿಯಾಗಿತ್ತು. ಮುಂದೆ ಅವರು ಸತು ಲೇಪದ ಮೊಳೆಗಳನ್ನು ಕಾಂಡಕ್ಕೆ ಹೊಡೆದೂ ಮರಗಳನ್ನು ಗುಣಪಡಿಸಿದರು. ನಮ್ಮ ಹಳ್ಳಿಗಳಲ್ಲಿ ಕಾಯಿ ಬಿಡದ ಮರಕ್ಕೆ ಮೊಳೆ ಹೊಡೆಯುವುದನ್ನು ಕಂಡು ನಗುವವರು ಈ ಪ್ರಸಂಗವನ್ನು ಒಮ್ಮೆ ನೆನೆಯಬಹುದು. ಹಳ್ಳಿಯ ಮೊಳೆಗೆ ಈ ಗುಣ ಇತ್ತೆಂದು ಹೇಳುತ್ತಿಲ್ಲ, ನಗುವ ಮೊದಲು ಮೊಳೆ ಯಾವುದರದ್ದು ಎಂದು ಕೇಳಬಹುದು ಎಂದಷ್ಟೇ.

ಹೀಗೆ ಆಕಸ್ಮಿಕಗಳ ಮೇಲೆ ನಡೆಯುತ್ತಿದ್ದ ವಿದ್ಯೆಗೆ ಒಂದು ಶಿಸ್ತು ಬೇಕಿತ್ತು. ರೋಗಾಣುವನ್ನು ಹಿಡಿಯುವ ಶಿಸ್ತು ಆಗಲೇ ಇತ್ತು; ಜರ್ಮನಿಯ ರಾಬರ್ಟ್ ಕಾಖ್ 19ನೇ ಶತಮಾನದ ಕೊನೆಯಲ್ಲಿ ಅದನ್ನು ಕಟ್ಟಿಕೊಟ್ಟಿದ್ದ. ಕಾಯಿಲೆ ಬಿದ್ದ ಜೀವಿಯಿಂದ ರೋಗಾಣುವನ್ನು ಬೇರ್ಪಡಿಸು, ಬೇರೆಯಾಗಿ ಬೆಳೆಸು, ಆರೋಗ್ಯವಂತ ಜೀವಿಗೆ ಸೇರಿಸು, ಅದೇ ಕಾಯಿಲೆ ಬರುತ್ತದೋ ನೋಡು, ಬಂದರೆ ಅದರಿಂದ ಅದೇ ರೋಗಾಣುವನ್ನು ಮತ್ತೆ ಹೊರತೆಗೆ. ಕೊರತೆಗೆ ಈ ದಾರಿ ನಡೆಯುವುದಿಲ್ಲ. ಇಲ್ಲದ ವಸ್ತುವನ್ನು ಬೇರ್ಪಡಿಸುವುದು ಹೇಗೆ? 1939ರಲ್ಲಿ ಬರ್ಕ್ಲಿಯ ಆರ್ನನ್ ಮತ್ತು ಸ್ಟೌಟ್ ಇದಕ್ಕೆ ತಿರುವುಮುರುವಾದ ಅಳತೆಗೋಲು ಕೊಟ್ಟರು. ಆ ಮೂಲವಸ್ತು ಇಲ್ಲದೆ ಗಿಡ ತನ್ನ ಬಾಳನ್ನು ಪೂರೈಸಲಾಗಬಾರದು, ಅದರ ಜಾಗದಲ್ಲಿ ಬೇರೊಂದು ಕೆಲಸಕ್ಕೆ ಬರಬಾರದು, ಗಿಡದ ಒಳಗಿನ ವ್ಯವಹಾರದಲ್ಲಿ ಅದಕ್ಕೆ ನೇರ ಪಾತ್ರ ಇರಬೇಕು. ರೋಗಾಣುವನ್ನು ಸೇರಿಸಿ ಸಾಬೀತು ಮಾಡುತ್ತಾರೆ, ಹಸಿವನ್ನು ತೆಗೆದು, ಮತ್ತೆ ಕೊಟ್ಟು ಸಾಬೀತು ಮಾಡುತ್ತಾರೆ.

ಆದರೆ ಗದ್ದೆಯಲ್ಲಿ ನಿಂತವನಿಗೆ ಪ್ರಯೋಗಾಲಯ ಎಲ್ಲಿ? ಅವನ ಮುಂದಿರುವುದು ಎಲೆ ಮಾತ್ರ. ಹಾಗಾಗಿ ಎಲೆಯನ್ನೇ ಓದುವ ಪುಸ್ತಕಗಳು ಬಂದವು. 1941ರಲ್ಲಿ ಅಮೆರಿಕದಲ್ಲಿ ‘ಹಂಗರ್ ಸೈನ್ಸ್ ಇನ್ ಕ್ರಾಪ್ಸ್’ ಪ್ರಕಟವಾಯಿತು. 1943ರಲ್ಲಿ, ಯುದ್ಧದ ನಡುವೆ, ಇಂಗ್ಲೆಂಡಿನ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದ ಥಾಮಸ್ ವಾಲೇಸ್ ಕೊರತೆಗಳ ಬಣ್ಣದ ಚಿತ್ರಸಂಪುಟವನ್ನೇ ಹೊರತಂದರು. ಮೊದಲ ಪುಸ್ತಕವನ್ನು ಬೇಸಾಯ ವಿಜ್ಞಾನಿಗಳ ಸಂಘದ ಜೊತೆ ಸೇರಿ ಪ್ರಕಟಿಸಿದ್ದು ಗೊಬ್ಬರ ತಯಾರಕರ ಸಂಘ ಎಂಬುದನ್ನೂ ಮರೆಯುವಂತಿಲ್ಲ. ಪುಸ್ತಕ ಒಳ್ಳೆಯದೇ. ಆದರೆ ಪ್ರತಿ ಹಳದಿ ಎಲೆಯಲ್ಲೂ ಹಸಿವನ್ನೇ ಕಾಣುವುದರಿಂದ ಯಾರಿಗೆ ಲಾಭ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಈ ಪುಸ್ತಕಗಳ ಜೀವಾಳ ಒಂದು ಸರಳ ನಿಯಮ. ಎಲೆಯ ಬಣ್ಣ ನೋಡುವ ಮೊದಲು ಎಲೆಯ ವಯಸ್ಸು ನೋಡು. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಿದ್ದಾಗ ಗಿಡ ಅವನ್ನು ಹಳೆಯ ಎಲೆಯಿಂದ ಹಿಂತೆಗೆದು ಚಿಗುರಿಗೆ ಕೊಡುತ್ತದೆ. ಬಡತನದ ಮನೆಯಲ್ಲಿ ಹಿರಿಯರು ಉಪವಾಸವಿದ್ದು ಮಕ್ಕಳಿಗೆ ಬಡಿಸಿದ ಹಾಗೆ, ಮೊದಲು ಬಾಡುವುದು ಕೆಳಗಿನ ಎಲೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್‌ಗಳು ಹಾಗಲ್ಲ, ಒಮ್ಮೆ ಕೂತ ಕಡೆಯಿಂದ ಏಳುವುದು ಕಷ್ಟ. ಅವುಗಳ ಕೊರತೆಯಲ್ಲಿ ಮೊದಲು ಕೆಡುವುದು ಚಿಗುರು. ನರ ಹಸಿರಾಗಿ ನಡುವೆ ಮಾತ್ರ ಹಳದಿಯಾದ ಕೆಳಗಿನ ಎಲೆ ಮೆಗ್ನೀಸಿಯಂ ಕಡೆ ಕೈ ತೋರಿಸಿದರೆ, ಅದೇ ಚಿತ್ರ ಮೇಲಿನ ಎಲೆಯಲ್ಲಿ ಬಂದರೆ ಕಬ್ಬಿಣದ ಕಡೆ. ಅಂಚು ಸುಟ್ಟ ಹಾಗಾದರೆ ಪೊಟ್ಯಾಷ್. ಇದಕ್ಕೂ ವಿನಾಯಿತಿ ಉಂಟು. ಹೂವು ಕಾಳಿನ ಕಾಲಕ್ಕೆ ಭತ್ತವಾಗಲಿ, ತರಾಯಿಯ ರಸ್ತೆ ಬದಿಯಲ್ಲಿ ತಾನಾಗಿ ಬೆಳೆಯುವ ಭಂಗಿಯಾಗಲಿ, ಕೆಳಗಿನ ಎಲೆಯ ಸಾರಜನಕವನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ಆಗ ಹಳದಿಯಾಗುವುದು ಕಾಯಿಲೆಯಲ್ಲ, ವಯಸ್ಸು. ಅದಕ್ಕೆ ಗೊಬ್ಬರ ಸುರಿದವನು ತನ್ನ ದುಡ್ಡನ್ನೂ ಕೆಲವೊಮ್ಮೆ ಎಲೆಯ ತುದಿಯನ್ನೂ ಸುಟ್ಟುಕೊಳ್ಳುತ್ತಾನೆ.

ಈಗ ತರಾಯಿಗೆ ಬರೋಣ. ದಿಲ್ಲಿಯಿಂದ ನೈನಿತಾಲಿಗೆ ಹೋಗುವ ಓದುಗರು ಬೆಟ್ಟ ಹತ್ತುವ ಮುಂಚೆ ದಾಟುವ ಬಯಲು ಅದು. ಇವತ್ತು ಉತ್ತರಾಖಂಡದ ಊಧಮ್ ಸಿಂಗ್ ನಗರ ಜಿಲ್ಲೆ, ಆಗ ಉತ್ತರ ಪ್ರದೇಶ. ಮಲೇರಿಯಾದಿಂದ ಜನ ಹೆದರುತ್ತಿದ್ದ ಕಾಡು, ಜವುಗು, ಎತ್ತರದ ಹುಲ್ಲಿನ ಸೀಮೆ. ಸ್ವಾತಂತ್ರ್ಯದ ನಂತರ ಟ್ರ್ಯಾಕ್ಟರ್ ತಂದು ಕಾಡು ಕಡಿದು, ದೇಶ ವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಬಂದವರನ್ನೂ ಇಲ್ಲಿ ನೆಲೆಗೊಳಿಸಿದರು. 1960ರಲ್ಲಿ ಪಂತನಗರದಲ್ಲಿ ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ ಶುರುವಾಯಿತು, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ನೆರವಿನೊಂದಿಗೆ. ಅದೇ ಇಲಿನಾಯ್‌ನಲ್ಲಿ ಸಸ್ಯರೋಗಶಾಸ್ತ್ರದಲ್ಲಿ ಪಿಎಚ್‌.ಡಿ. ಮುಗಿಸಿದ್ದ ಯಶವಂತ ಲಕ್ಷ್ಮಣ ನೆನೆ ಪಂತನಗರಕ್ಕೆ ಬಂದು ಸೇರಿದರು. ಇನ್ನೂ ಇಪ್ಪತ್ತರ ಹರೆಯ.

ತರಾಯಿಯ ಮಣ್ಣು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಕಪ್ಪಗೆ, ಕಾಡಿನ ಎಲೆಗೊಬ್ಬರ ತುಂಬಿಕೊಂಡು, ನೀರು ಹಿಡಿದಿಡುವ ಮಣ್ಣು. ಇಂಥ ಮಣ್ಣಿನಲ್ಲಿ ಪೈರು ಉಪವಾಸ ಬೀಳುತ್ತದೆ ಎಂದರೆ ನಂಬುವವರಾರು? ಖೈರಾದ ಲಕ್ಷಣಗಳೂ ರೋಗಾಣುವಿನ ಕಡೆಗೇ ಬೆರಳು ಮಾಡುತ್ತಿದ್ದವು. ಇಡೀ ಗದ್ದೆ ಒಂದೇ ಸಮ ಕೆಡುತ್ತಿರಲಿಲ್ಲ, ಅಲ್ಲಲ್ಲಿ ತೇಪೆ ಹಾಕಿದಂತೆ ಕಾಣಿಸಿಕೊಳ್ಳುತ್ತಿತ್ತು, ಸೋಂಕು ಹಬ್ಬಿದ ಹಾಗೆ. ಎಳೆಯ ಎಲೆಯ ಬುಡದಲ್ಲಿ ನಡುನರ ಬಿಳಿಚಿಕೊಳ್ಳುವುದು, ಆಮೇಲೆ ಕೆಳಗಿನ ಎಲೆಗಳ ಮೇಲೆ ತುಕ್ಕಿನಂಥ ಚುಕ್ಕೆಗಳು ಮೂಡಿ, ಒಂದಕ್ಕೊಂದು ಕೂಡಿ ಎಲೆಯೆಲ್ಲ ಕಾಚು ಬಳಿದಂತಾಗುವುದು. ಬೇರೂ ಕಂದು. ಹೊಡೆತ ಸೌಮ್ಯವಾಗಿದ್ದರೆ ಕೆಲವು ವಾರಗಳ ನಂತರ ಪೈರು ತಾನಾಗಿಯೇ ಚೇತರಿಸಿಕೊಂಡು ತಡವಾಗಿ ತೆನೆ ಬಿಡುತ್ತಿತ್ತು. ಈ ಚೇತರಿಕೆಯಂತೂ ರೋಗನಿದಾನದ ಶತ್ರು. ಆ ಹೊತ್ತಿಗೆ ಯಾವ ಔಷಧಿ ಹೊಡೆದಿದ್ದರೂ ಅದರಿಂದಲೇ ಗುಣವಾಯಿತು ಅನ್ನಿಸಿಬಿಡುತ್ತದೆ.

ನೆನೆ ಮಣ್ಣಿನ ವಿಜ್ಞಾನಿಯಲ್ಲ. ಶಿಲೀಂಧ್ರ, ವೈರಸ್ ಹುಡುಕುವುದೇ ಅವರ ಕಸುಬು. ನನಗೆ ಅವರ ಬಗ್ಗೆ ಗೌರವ ಹುಟ್ಟುವುದು ಇಲ್ಲೇ. ಕಸುಬು ಕಲಿಸಿದ ಉತ್ತರವನ್ನು ಬಿಟ್ಟುಕೊಡುವುದು ಸುಲಭವಲ್ಲ. ಖೈರಾ ರೋಗಾಣುವಿನಿಂದ ಬಂದದ್ದಲ್ಲ, ಸತುವಿನ ಕೊರತೆ ಎಂದು ಅವರು ತೋರಿಸಿದರು. ಲಕ್ಷಣ, ಕಾರಣ, ಪರಿಹಾರ ಮೂರನ್ನೂ ಹೇಳಿದ ಅವರ ಬರಹ 1966ರಲ್ಲಿ ಭಾರತೀಯ ಸಸ್ಯರೋಗಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಗದ್ದೆಯಲ್ಲಿ ಬೆಳೆದ ಭತ್ತದಲ್ಲಿ ಸತುವಿನ ಕೊರತೆಯನ್ನು ಗುರುತಿಸಿದ ಮೊದಲ ವರದಿಯೆಂದು ಅದನ್ನು ಹೊರಗಿನವರೂ ಒಪ್ಪಿದ್ದಾರೆ. ಮಣ್ಣಿನಲ್ಲಿ ಸತು ಇಲ್ಲವೇ ಇಲ್ಲ ಎಂದಲ್ಲ. ಸುಣ್ಣದಂಶ ಹೆಚ್ಚಿದ್ದು ಕ್ಷಾರದ ಕಡೆ ವಾಲಿದ ಮಣ್ಣು ಅದನ್ನು ಬಿಗಿಹಿಡಿದುಕೊಳ್ಳುತ್ತದೆ. ನೀರು ನಿಲ್ಲಿಸಿದ ಮೇಲೆ ಅದು ಬೇರಿಗೆ ಸಿಗುವುದು ಇನ್ನೂ ಕಡಿಮೆ. ಕಣಜ ತುಂಬಿದೆ, ಬೀಗ ಹಾಕಿದೆ.

ಪರಿಹಾರ ಅಗ್ಗದ್ದು: ಹೆಕ್ಟೇರಿಗೆ 5 ಕೆ.ಜಿ. ಸತುವಿನ ಸಲ್ಫೇಟ್, 2.5 ಕೆ.ಜಿ. ಅರಳಿಸಿದ ಸುಣ್ಣ, 1000 ಲೀಟರ್ ನೀರು; ಬೆರೆಸಿ ಎಲೆಗೆ ಸಿಂಪಡಿಸಬೇಕು. ಸುಣ್ಣ ಯಾಕೆಂದರೆ, ಸಲ್ಫೇಟಿನ ದ್ರಾವಣ ಹುಳಿ, ಬರಿದೇ ಹೊಡೆದರೆ ಎಲೆ ಸುಡುತ್ತದೆ. ಕೊರತೆ ಗುಣಪಡಿಸಲು ಹೋಗಿ ಗಾಯ ಮಾಡುವುದು ಈ ವಿದ್ಯೆಯಲ್ಲಿ ಮಾಮೂಲು ಅಪಘಾತ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಕೊಳೆರೋಗಕ್ಕೆ ಮೈಲುತುತ್ತದ ಜೊತೆ ಸುಣ್ಣ ಬೆರೆಸುವ ಬೋರ್ಡೋ ದ್ರಾವಣವನ್ನು ಅವರು ಬಳಸಲು ತೊಡಗಿದ್ದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಕಾಲದಲ್ಲಿ. ತಾಮ್ರದ ಉರಿಯನ್ನು ಸುಣ್ಣ ತಣಿಸುವುದೂ ಇದೇ ಲೆಕ್ಕ.

ನೆನೆಯವರ ಬರಹ ಬಂದ 1966ರಲ್ಲೇ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್8 ತಳಿಯನ್ನು ಬಿಡುಗಡೆ ಮಾಡಿತು. ಇದು ಕಾಕತಾಳೀಯ, ಆದರೆ ಸಣ್ಣದಲ್ಲ. ಗಿಡ್ಡ ತಳಿಗಳು ಹೆಚ್ಚು ಉಣ್ಣುತ್ತವೆ, ಹೆಚ್ಚು ಬೆಳೆಯುತ್ತವೆ, ಪ್ರತಿ ಕೊಯ್ಲಿನಲ್ಲೂ ಮಣ್ಣಿನಿಂದ ಹೆಚ್ಚು ಹೊತ್ತೊಯ್ಯುತ್ತವೆ. ರೈತ ಮರಳಿ ಕೊಡುತ್ತಿದ್ದದ್ದು ಬಹುಪಾಲು ಸಾರಜನಕ, ರಂಜಕ, ಪೊಟ್ಯಾಷ್. ರಂಜಕ ಅತಿಯಾದರೆ ಸತುವಿನ ಕೊರತೆ ಇನ್ನೂ ಬಿಗಡಾಯಿಸುತ್ತದೆ. ಕೊಟ್ಟಿಗೆ ಗೊಬ್ಬರ ಕಡಿಮೆಯಾಗುತ್ತ ಬಂತು. ಐಸಿಎಆರ್ 1967ರಲ್ಲಿ ಶುರುಮಾಡಿದ ಸೂಕ್ಷ್ಮ ಪೋಷಕಾಂಶಗಳ ಯೋಜನೆ ದೇಶದ ಉದ್ದಗಲ ಮಣ್ಣು ಪರೀಕ್ಷಿಸಿದಾಗ, ಆ ಮೊದಲ ದಶಕಗಳ ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಸತು ಸಾಲದೆ ಬಂದಿತು. ಪಾಕಿಸ್ತಾನದಲ್ಲಿ ಹಡ್ಡಾ ಎಂದು ಕರೆಯುತ್ತಿದ್ದ ಭತ್ತದ ಕಾಯಿಲೆಯೂ ಇದೇ ಎಂದು ಗೊತ್ತಾಯಿತು. ಫಿಲಿಪ್ಪೀನ್ಸಿನಲ್ಲೂ ಸಿಕ್ಕಿತು. ಒಂದೇ ಹಸಿವಿಗೆ ಊರೂರಿಗೆ ಒಂದೊಂದು ಹೆಸರು.

ಈ ಕತೆಗೆ ಇನ್ನೊಂದು ಮಗ್ಗುಲಿದೆ. ಪೈರಿನಲ್ಲಿ ಸತು ಕಡಿಮೆಯಾದರೆ ಅದನ್ನು ತಿನ್ನುವವನ ಗತಿಯೇನು? ಬಿಹಾರದ ಬಕ್ಸರಿನಲ್ಲಿ ಹುಟ್ಟಿ ಪಾಟ್ನಾದಲ್ಲಿ ವೈದ್ಯಕೀಯ ಓದಿದ ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಅವರ ಮುಂದೆ 21 ವರ್ಷದ ಯುವಕನೊಬ್ಬ ಬಂದ. ನೋಡಲು ಹತ್ತು ವರ್ಷದ ಹುಡುಗನಂತಿದ್ದ. ಊಟ ರೊಟ್ಟಿ, ಜೊತೆಗೆ ಮಣ್ಣು ತಿನ್ನುವ ಚಟ. ರಕ್ತದಲ್ಲಿ ಕಬ್ಬಿಣ ಕಡಿಮೆಯಿತ್ತು ನಿಜ, ಆದರೆ ಬೆಳವಣಿಗೆ ನಿಂತದ್ದಕ್ಕೆ ಅದು ಸಾಕಷ್ಟು ಕಾರಣವಾಗಿರಲಿಲ್ಲ. ಪೀಕನ್ ತೋಟದ ಕತೆಯಂತೆಯೇ ಇಲ್ಲೂ ಎಲ್ಲರ ಕಣ್ಣು ಕಬ್ಬಿಣದ ಮೇಲೆ, ಕಾಣೆಯಾದದ್ದು ಸತು. ಪ್ರಸಾದ್ ಮುಂದೆ ಈಜಿಪ್ಟಿನಲ್ಲಿ ಇಂಥವರ ರಕ್ತ ಪರೀಕ್ಷಿಸಿ 1963ರ ಹೊತ್ತಿಗೆ ಇದನ್ನು ದೃಢಪಡಿಸಿದರು. ಸತು ಕೊಟ್ಟವರು ಬೆಳೆದರು. ಮನುಷ್ಯನಿಗೆ ಸತುವಿನ ಕೊರತೆ ಬರಲಾರದು ಎಂದು ಅಲ್ಲಿಯವರೆಗೆ ವೈದ್ಯಲೋಕ ನಂಬಿತ್ತು. ಶಿರಾಜ್ ಮತ್ತು ಪಂತನಗರ ಒಂದಕ್ಕೊಂದು ಅರಿಯದೆ, ಹತ್ತು ವರ್ಷದೊಳಗೆ, ಒಂದೇ ಲೋಹದ ಹೆಸರು ಹೇಳಿದವು.

ಹಾಗೆಂದು ಎಲ್ಲ ಹಳದಿಯೂ ಹಸಿವಲ್ಲ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆಯ ಓದುಗರು ಈ ಲೇಖನವನ್ನು ಓದುತ್ತ ಅಡಿಕೆಯ ಹಳದಿ ಎಲೆ ರೋಗವನ್ನು ನೆನೆದಿರುತ್ತಾರೆ. ಕೇರಳದಲ್ಲಿ 1914ರ ಸುಮಾರಿಗೇ ಕಂಡ ಕಾಯಿಲೆ. ಸೋಗೆಯ ತುದಿ ಹಳದಿಯಾಗಿ, ಕಾಯಿ ಉದುರಿ, ಮರದ ತಲೆ ಸಣ್ಣಗಾಗುತ್ತ ಬರುವುದನ್ನು ನೋಡಿದರೆ ಗೊಬ್ಬರ ಸಾಲದಾಯಿತು ಎಂದೇ ಅನ್ನಿಸಬೇಕು. ಪೋಷಕಾಂಶಗಳ ಮೇಲೆ ಎಷ್ಟೋ ದುಡ್ಡು, ಎಷ್ಟೋ ವರ್ಷ ಸುರಿದರು. 1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಅದರ ನಾಳಗಳಲ್ಲಿ, ಈಗ ಫೈಟೋಪ್ಲಾಸ್ಮಾ ಎನ್ನುವ ಜೀವಿ ಕಂಡಿತು. ಖೈರಾ ಸೋಂಕಿನ ವೇಷ ಹಾಕಿದ ಹಸಿವು, ಇದು ಹಸಿವಿನ ವೇಷ ಹಾಕಿದ ಸೋಂಕು. ಒಳ್ಳೆಯ ಆರೈಕೆಯಿಂದ ಮರ ನಾಲ್ಕು ದಿನ ಹೆಚ್ಚು ಬಾಳೀತು, ಗುಣವಾಗುವುದಿಲ್ಲ. ಈಗ ಮೊಬೈಲಿನಲ್ಲಿ ಎಲೆಯ ಚಿತ್ರ ತೆಗೆದರೆ ಕಾಯಿಲೆಯ ಹೆಸರು ಹೇಳುವ ಆ್ಯಪ್‌ಗಳಿವೆ. ಅವು ಬಣ್ಣ ನೋಡುತ್ತವೆ. ನಾಲ್ಕು ಸಾಲಿಗೆ ಸತು ಹೊಡೆದು ಪಕ್ಕದ ನಾಲ್ಕು ಸಾಲನ್ನು ಹಾಗೇ ಬಿಟ್ಟು ಹತ್ತು ದಿನ ಕಾಯುವ ಹಳೆಯ ಪರೀಕ್ಷೆಯ ಮೇಲೆಯೇ ನನಗೆ ಹೆಚ್ಚು ಭರವಸೆ.

ನೆನೆ 1974ರಲ್ಲಿ ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸೇರಿ, ಅಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಅವರ ಕೊನೆಯ ದಶಕಗಳ ಕೆಲಸ ಬೇರೆ ದಿಕ್ಕಿನದು. 1994ರಲ್ಲಿ ಸಿಕಂದರಾಬಾದಿನಲ್ಲಿ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಕಟ್ಟಿ, ಹಳೆಯ ಬೇಸಾಯ ಗ್ರಂಥಗಳನ್ನು ಹುಡುಕಿ ಅನುವಾದ ಮಾಡಿಸಿದರು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದ್ದ ಸುರಪಾಲನ ‘ವೃಕ್ಷಾಯುರ್ವೇದ’ದ ಹಸ್ತಪ್ರತಿಯನ್ನು ತರಿಸಿಕೊಂಡರು. ನಳಿನಿ ಸಾಧಲೆ ಅವರ ಇಂಗ್ಲಿಷ್ ಅನುವಾದ 1996ರಲ್ಲಿ ಬಂತು. ಸುಮಾರು ಸಾವಿರ ವರ್ಷ ಹಿಂದಿನ ಸುರಪಾಲ ಮರಗಳ ಕಾಯಿಲೆಯನ್ನು ಎರಡಾಗಿ ಒಡೆಯುತ್ತಾನೆ: ವಾತ ಪಿತ್ತ ಕಫಗಳಿಂದ ಒಳಗೇ ಹುಟ್ಟಿದವು, ಹುಳ ಚಳಿ ಮುಂತಾದವುಗಳಿಂದ ಹೊರಗಿನಿಂದ ಬಂದವು. ಎಲೆ ಹಳದಿಯಾಗುವುದು ಅವನ ಲೆಕ್ಕದಲ್ಲಿ ಪಿತ್ತದ ಗುರುತು. ಅವನಿಗೆ ಸತುವಿನ ಕೊರತೆ ಗೊತ್ತಿತ್ತು ಎಂದು ಎಳೆದಾಡುವುದು ಬೇಡ, ಗೊತ್ತಿರಲಿಲ್ಲ. ಆದರೆ ಒಳಗಿನದೋ ಹೊರಗಿನದೋ ಎಂಬ ಪ್ರಶ್ನೆ ಅವನಿಗೂ ಮೊದಲ ಪ್ರಶ್ನೆಯಾಗಿತ್ತು.

ಅದೇ ಸಂಸ್ಥೆ 2006ರಲ್ಲಿ ಒಂದು ಕನ್ನಡ ಕೃತಿಯನ್ನೂ ಇಂಗ್ಲಿಷಿಗೆ ತಂದಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’. ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಬೇರೆ, ಈತ ಬೇರೆ. ನೀರಿನ ಸೆಲೆ ಹುಡುಕುವುದು, ಅಡುಗೆ, ಸುಗಂಧ, ಪಶುವೈದ್ಯಗಳ ಜೊತೆಗೆ ಅದರಲ್ಲಿ ವೃಕ್ಷಾಯುರ್ವೇದದ ಒಂದು ಅಧ್ಯಾಯವೂ ಇದೆ, ಕನ್ನಡದಲ್ಲೇ.